ಲೀಟರಿನ ಲೆಕ್ಕದಲ್ಲಿ ಮರೆಯಾಗುವ ಟನ್ನುಗಟ್ಟಲೆ ಮಾಲಿನ್ಯ

ಬೆಂಗಳೂರು: ಕಾವೇರಿ ವಿವಾದದಲ್ಲಿ ನೀರಿನ ಲೆಕ್ಕ ದಶಾಂಶದವರೆಗೂ ನಿಖರ. ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಅಡಿ ನೀರು ಹರಿಸಬೇಕೆಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿತು. ಆದರೆ ಆ ನೀರಿನೊಂದಿಗೆ ಎಷ್ಟು ಟನ್ ಮಾಲಿನ್ಯ ಗಡಿ ದಾಟಬಹುದು ಎಂಬುದಕ್ಕೆ ತೀರ್ಪಿನಲ್ಲಿ ಅಂತಹ ಅಂಕಿ ಇಲ್ಲ.

ಪ್ರಶ್ನೆ ಹೊಸದೇನಲ್ಲ. ಕರ್ನಾಟಕದಿಂದ ಕಲುಷಿತ ನೀರು ಹರಿದುಬರುತ್ತಿದೆ ಎಂದು ಆಕ್ಷೇಪಿಸಿ ತಮಿಳುನಾಡು 2015ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆ ಹಾಗೂ ಪೀಣ್ಯ ಸುತ್ತಲಿನ ಕೈಗಾರಿಕಾ ತ್ಯಾಜ್ಯವನ್ನು ಹೊತ್ತ ವೃಷಭಾವತಿ, ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಬಿಳಿಗುಂಡ್ಲು ಮಾಪನ ಕೇಂದ್ರ ಇರುವುದು ಸಂಗಮದ ಕೆಳಭಾಗದಲ್ಲಿ. ರಾಜಧಾನಿ ಕುಡಿದ ಕಾವೇರಿ ಹೀಗೆ ಕೊಳಚೆಯಾಗಿ ಮರಳಿ ಕಾವೇರಿಗೇ ಬರುತ್ತದೆ.

ಸಾಂದ್ರತೆ ಬೇರೆ, ಹೊರೆ ಬೇರೆ

ಮಾಲಿನ್ಯ ನಿಯಂತ್ರಣ ಮಂಡಳಿಗಳ ವರದಿಗಳು ಹೇಳುವುದು ಸಾಂದ್ರತೆಯನ್ನು, ಅಂದರೆ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಎಂಬುದನ್ನು. ನದಿ ಹೊತ್ತೊಯ್ಯುವ ಒಟ್ಟು ಹೊರೆ ತಿಳಿಯಬೇಕಾದರೆ ಈ ಅಂಕಿಯನ್ನು ಹರಿವಿನಿಂದ ಗುಣಿಸಬೇಕು. ಒಂದು ಕ್ಯೂಸೆಕ್ ಹರಿವು ದಿನಕ್ಕೆ ಸುಮಾರು 24.5 ಲಕ್ಷ ಲೀಟರ್. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ದಿನಕ್ಕೆ ಸುಮಾರು 2.45 ಕಿಲೋಗ್ರಾಂ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಬೇಸಿಗೆಯಲ್ಲಿ ನದಿಯೊಂದರ ಹರಿವು 500 ಕ್ಯೂಸೆಕ್, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಲೀಟರಿಗೆ 12 ಮಿಲಿಗ್ರಾಂ ಎಂದುಕೊಳ್ಳಿ. ದಿನದ ಹೊರೆ 14.7 ಟನ್. ಮಳೆಗಾಲದಲ್ಲಿ ಹರಿವು 5,000 ಕ್ಯೂಸೆಕ್‌ಗೆ ಏರಿ ಬಿಒಡಿ 3ಕ್ಕೆ ಇಳಿದರೆ ಹೊರೆ 36.7 ಟನ್. ಸಾಂದ್ರತೆಯ ಪ್ರಕಾರ ನದಿ ಸ್ನಾನಯೋಗ್ಯ ಮಟ್ಟಕ್ಕೆ ಸುಧಾರಿಸಿದೆ. ಹೊರೆಯ ಪ್ರಕಾರ ಮಾಲಿನ್ಯ ಎರಡೂವರೆ ಪಟ್ಟು ಹೆಚ್ಚಿದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿ ಭಾಗಗಳನ್ನು ಕಲುಷಿತವೆಂದು ಗುರುತಿಸಿತು. 2022ರ ವರದಿಯಲ್ಲಿ ಆ ಸಂಖ್ಯೆ 311ಕ್ಕೆ ಇಳಿಯಿತು. ಈ ಪಟ್ಟಿಗಳ ಮಾನದಂಡ ಬಿಒಡಿ ಸಾಂದ್ರತೆ. ಹೀಗಾಗಿ ಸಂಖ್ಯೆ ಇಳಿದ ಮಾತ್ರಕ್ಕೆ ನದಿಗಳು ಹೊರುವ ಹೊರೆಯೂ ಇಳಿಯಿತು ಎನ್ನಲಾಗದು. ಮೇಲಾಗಿ ಬಿಒಡಿ ಮುಖ್ಯವಾಗಿ ಕೊಳಚೆಯ ಅಳತೆ. ಕ್ರೋಮಿಯಂ, ಸೀಸದಂತಹ ಭಾರಲೋಹಗಳು ಅದರಲ್ಲಿ ಕಾಣುವುದಿಲ್ಲ.

ಮಾದರಿಯ ಮಿತಿ

ಗುಣಾಕಾರ ಸುಲಭ, ಗುಣಿಸಬೇಕಾದ ಅಂಕಿ ಸಿಗುವುದು ಕಷ್ಟ. ತಿಂಗಳಿಗೊಮ್ಮೆ ಸಂಗ್ರಹಿಸಿದರೆ ವರ್ಷಕ್ಕೆ ಸಿಗುವುದು ಹನ್ನೆರಡು ಮಾದರಿ. ಹಗಲಿನ ಮಾದರಿ ರಾತ್ರಿ ಬಿಟ್ಟ ತ್ಯಾಜ್ಯವನ್ನು ಹಿಡಿಯದು. ಭಾರಲೋಹಗಳು ಹೂಳಿನ ಕಣಗಳಿಗೆ ಅಂಟಿಕೊಂಡು ತಳದಲ್ಲಿ ಕೂರುತ್ತವೆ. ಪ್ರವಾಹ ಬಂದಾಗ ಒಮ್ಮೆಲೇ ಎದ್ದು ಸಾಗುತ್ತವೆ. ಆ ಕೆಲವು ದಿನಗಳಂದು ಮಾದರಿ ತೆಗೆಯದಿದ್ದರೆ ವರ್ಷದ ಅಂದಾಜೇ ತಪ್ಪುತ್ತದೆ.

'ಪತ್ತೆಯಾಗಿಲ್ಲ' ಎಂಬ ಫಲಿತಾಂಶವೂ ಸೊನ್ನೆಯಲ್ಲ. ಉಪಕರಣದ ಪತ್ತೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಆಗಿದ್ದರೆ, 5,000 ಕ್ಯೂಸೆಕ್ ಹರಿವಿನಲ್ಲಿ ದಿನಕ್ಕೆ 122 ಕಿಲೋಗ್ರಾಂವರೆಗೆ ಲೋಹ ಯಾರ ಕಣ್ಣಿಗೂ ಬೀಳದೆ ಸಾಗಬಹುದು. ಆದ್ದರಿಂದ ಹೊರೆಯನ್ನು ಒಂದೇ ಅಂಕಿಯಾಗಿ ಹೇಳದೆ, ಕನಿಷ್ಠದಿಂದ ಗರಿಷ್ಠದವರೆಗಿನ ವ್ಯಾಪ್ತಿಯಾಗಿ ಪ್ರಕಟಿಸುವುದೇ ಪ್ರಾಮಾಣಿಕ ಕ್ರಮ.

ರೈನ್ ನದಿಯ ಪಾಠ

ನದಿ ಹಂಚಿಕೊಂಡವರ ನಡುವೆ ಇಂತಹ ಲೆಕ್ಕ ಸಾಧ್ಯವೇ ಎಂಬ ಪ್ರಶ್ನೆಗೆ ಯುರೋಪಿನ ರೈನ್ ಉತ್ತರ ನೀಡಿದೆ. ಫ್ರಾನ್ಸ್‌ನ ಅಲ್ಸೇಸ್ ಪ್ರಾಂತ್ಯದ ಪೊಟ್ಯಾಷ್ ಗಣಿಗಳ ಉಪ್ಪು ನದಿಗೆ ಸೇರುವುದನ್ನು ಕೆಳಗಿನ ನೆದರ್‌ಲೆಂಡ್ಸ್ ದೀರ್ಘಕಾಲ ಆಕ್ಷೇಪಿಸಿತ್ತು. 1976ರಲ್ಲಿ ಬಾನ್ ನಗರದಲ್ಲಿ ಐದು ದೇಶಗಳು ಸಹಿ ಹಾಕಿದ ಒಪ್ಪಂದ, ಕ್ಲೋರೈಡ್ ವಿಸರ್ಜನೆಯನ್ನು ಸೆಕೆಂಡಿಗೆ ಕನಿಷ್ಠ 60 ಕಿಲೋಗ್ರಾಂನಷ್ಟು ತಗ್ಗಿಸುವ ಗುರಿ ನಿಗದಿಪಡಿಸಿತು. ಒಪ್ಪಂದ ಜಾರಿಗೆ ಬಂದದ್ದು 1985ರಲ್ಲಿ. ವಿಳಂಬವಾಯಿತು, ನಿಜ. ಆದರೆ ವಾದವನ್ನು ದೂರು-ಪ್ರತಿದೂರುಗಳಿಂದ ತೂಕದ ಅಂಕಿಗೆ ತಂದದ್ದು ಅದರ ಸಾಧನೆ.

ಕಾವೇರಿಗೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ನಮ್ಮಲ್ಲಿದೆ. ಕೇಂದ್ರ ಜಲ ಆಯೋಗ ಹರಿವನ್ನು ಅಳೆಯುತ್ತದೆ. ತನ್ನ ಹಲವು ಕೇಂದ್ರಗಳಲ್ಲಿ ಗುಣಮಟ್ಟವನ್ನೂ ಪರೀಕ್ಷಿಸುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು ಪ್ರತ್ಯೇಕವಾಗಿ ಮಾದರಿ ಸಂಗ್ರಹಿಸುತ್ತವೆ. ಒಂದೇ ಸ್ಥಳದಲ್ಲಿ, ಒಂದೇ ದಿನ, ಪ್ರವಾಹ ಕಾಲವನ್ನೂ ಒಳಗೊಂಡಂತೆ ಎರಡೂ ಕೆಲಸ ನಡೆದು ಫಲಿತಾಂಶ ಜೊತೆಯಾಗಿ ಪ್ರಕಟವಾಗಬೇಕು.

ಇದರಿಂದ ಕರ್ನಾಟಕಕ್ಕೆ ನಷ್ಟವಿಲ್ಲ. ಬೆಂಗಳೂರಿನ ಪಾಲೆಷ್ಟು, ಗಡಿಯಾಚೆಗಿನ ಮೂಲಗಳ ಪಾಲೆಷ್ಟು ಎಂದು ಬೇರ್ಪಡಿಸಿ ತೋರಿಸಲು ರಾಜ್ಯಕ್ಕೂ ಆಧಾರ ದೊರೆಯುತ್ತದೆ. ಯಾವ ಕಾಲುವೆಗೆ ಮೊದಲು ಶುದ್ಧೀಕರಣ ಘಟಕ ಬೇಕು ಎಂಬುದೂ ಆಗ ಒತ್ತಡದ ಮೇಲಲ್ಲ, ಲೆಕ್ಕದ ಮೇಲೆ ತೀರ್ಮಾನವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಡಿಗೂ ಮೊದಲೇ ಇದೇ ನೀರನ್ನು ಹೊಲಕ್ಕೆ ಹಾಯಿಸುವವರು ಬೈರಮಂಗಲದ ಆಸುಪಾಸಿನ ನಮ್ಮದೇ ರೈತರು. ಹೊರೆಯ ಲೆಕ್ಕ ಮೊದಲು ತಲುಪಬೇಕಾದದ್ದು ಅವರಿಗೆ.