ಏರಿಳಿತವಿಲ್ಲದ ಬೆಟ್ಟದ ಹಾದಿ

ಬೆಟ್ಟದ ಹಾದಿ ಎಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಮೊಣಕಾಲು ನೋಯದೆ, ಏದುಸಿರು ಬಿಡದೆ ಬೆಟ್ಟ ಸುತ್ತುವುದುಂಟೆ? ಉತ್ತರ ಜರ್ಮನಿಯ ಹಾರ್ಟ್ಸ್ ಪರ್ವತ ಪ್ರದೇಶದಲ್ಲಿ ಉಂಟು. ಅಲ್ಲಿ ಓಡರ್ ಕೆರೆಯ ಏರಿಯಿಂದ ಹೊರಟು ಸಾಂಕ್ಟ್ ಆಂಡ್ರಿಯಾಸ್‌ಬರ್ಗ್ ಎಂಬ ಪುಟ್ಟ ಊರಿನ ಕಡೆಗೆ ನಡೆದರೆ ಸುಮಾರು 7 ಕಿ.ಮೀ. ದೂರ ಹಾದಿ ಹೆಚ್ಚುಕಡಿಮೆ ಸಮತಟ್ಟು. ಒಂದು ಬದಿಗೆ ಕಡಿದಾದ ಬೆಟ್ಟ, ಇನ್ನೊಂದು ಬದಿಗೆ ಆಳವಾದ ಕಣಿವೆ, ನಡುವೆ ಹಾದಿಯ ಜೊತೆಜೊತೆಗೇ ಹರಿಯುವ ಸಣ್ಣ ಕಾಲುವೆ. ಬೆಟ್ಟದ ಮೈ ಒಳಕ್ಕೆ ಸರಿದಲ್ಲಿ ಕಾಲುವೆಯೂ ಸರಿಯುತ್ತದೆ. ಹೊರಕ್ಕೆ ಚಾಚಿದಲ್ಲಿ ಅದೂ ಬಳಸಿಕೊಂಡು ಹೋಗುತ್ತದೆ.

ಈ ಹಾದಿಯನ್ನು ವಿಹಾರಕ್ಕೆ ಬರುವವರಿಗಾಗಿ ಮಾಡಿದ್ದಲ್ಲ. ಅದು ಕಾಲುವೆಯನ್ನು ನೋಡಿಕೊಳ್ಳುವವರು ಓಡಾಡುತ್ತಿದ್ದ ದಾರಿ. ಆ ಕಾಲುವೆಯನ್ನು ಹೊಲಗದ್ದೆಗಾಗಿಯೂ ತೋಡಿರಲಿಲ್ಲ. ತೋಡಿದ್ದು ಗಣಿಗಳಿಗಾಗಿ!

ಹಾರ್ಟ್ಸ್ ಬೆಟ್ಟಗಳು ತೀರಾ ಎತ್ತರದವಲ್ಲ. ಅತಿ ಎತ್ತರದ ಶಿಖರ ಬ್ರೋಕೆನ್ 1141 ಮೀಟರ್, ಅಷ್ಟೆ. ಆದರೆ ಅವುಗಳ ಒಡಲಲ್ಲಿ ಬೆಳ್ಳಿ, ಸೀಸ, ಸತು, ತಾಮ್ರದ ಅದಿರು ಧಾರಾಳವಾಗಿತ್ತು. ಗೊಸ್ಲಾರ್ ಪಟ್ಟಣದ ಪಕ್ಕದ ರಾಮೆಲ್ಸ್‌ಬರ್ಗ್ ಗಣಿಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಅದಿರು ತೆಗೆದು, 1988ರಲ್ಲಿ ಕೆಲಸ ನಿಲ್ಲಿಸಿದರು. ಮೇಲಿನ ಹಾರ್ಟ್ಸ್‌ನ ಕೊನೆಯ ಗಣಿ 1992ರಲ್ಲಿ ಮುಚ್ಚಿತು. ಗಣಿಗಳ ಸದ್ದು ಅಡಗಿದ ಮೇಲೆ ಉಳಿದದ್ದು ಕೆರೆ, ಕಾಲುವೆ, ಕಾಡು ಮತ್ತು ಅವುಗಳ ನಡುವಿನ ಕಾಲುದಾರಿಗಳು. ಆಸ್ಟರೋಡ್‌ನಿಂದ ಬ್ರೋಕೆನ್ ಮೂಲಕ ತಾಲೆ ಊರಿನವರೆಗೆ ಸುಮಾರು 100 ಕಿ.ಮೀ. ಉದ್ದದ ‘ಮಾಟಗಾತಿಯರ ಹಾದಿ’ಯೂ ಒಂದಷ್ಟು ದೂರ ಇಂಥದೇ ಕಾಲುವೆಯ ದಂಡೆಯ ಮೇಲೆ ಸಾಗುತ್ತದೆ. ಈ ಪ್ರದೇಶದಲ್ಲಿ ನಡೆಯುವವರಿಗಾಗಿ 222 ಕಡೆ ಮುದ್ರೆಯ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ. ಇಂಥ ಕೆಲವು ತಾಣಗಳಿಗೆ ನಡೆದುಹೋಗಿ ಕೈಪುಸ್ತಕದಲ್ಲಿ ಮುದ್ರೆ ಒತ್ತಿಕೊಂಡರೆ ಮಕ್ಕಳಿಗೂ ಪದಕ ಸಿಗುತ್ತದೆ.

ನೀರಿನಿಂದಲೇ ನೀರು

ಗಣಿ ಆಳಕ್ಕೆ ಇಳಿದಂತೆ ಅದರೊಳಗೆ ನೀರು ಜಿನುಗಿ ತುಂಬುತ್ತದೆ. ಅದನ್ನು ಹಗಲೂ ರಾತ್ರಿ ಎತ್ತಿ ಹಾಕದಿದ್ದರೆ ಗಣಿ ಬಾವಿಯಾಗುತ್ತದೆ. ಆ ಕಾಲಕ್ಕೆ ವಿದ್ಯುತ್ತೂ ಇಲ್ಲ, ಉಗಿಯಂತ್ರವೂ ಇಲ್ಲ. ಹಾರ್ಟ್ಸ್‌ನ ಜನ ಮುಳ್ಳನ್ನು ಮುಳ್ಳಿನಿಂದಲೇ ತೆಗೆದರು. ಬೆಟ್ಟದ ಮೇಲೆ ಬಿದ್ದ ಮಳೆನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು, ಕಾಲುವೆಯಲ್ಲಿ ತಂದು, ದೊಡ್ಡ ದೊಡ್ಡ ಗಾಲಿಗಳ ಮೇಲೆ ಬೀಳಿಸಿ, ಆ ಗಾಲಿಗಳ ಬಲದಿಂದ ಗಣಿಯೊಳಗಿನ ನೀರನ್ನು ಮೇಲೆತ್ತಿದರು. ಹದಿನಾರರಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಹೀಗೆ ಕಟ್ಟಿದ ನೂರಕ್ಕೂ ಹೆಚ್ಚು ಕೆರೆಗಳು, 300 ಕಿ.ಮೀ.ಗೂ ಹೆಚ್ಚು ಕಾಲುವೆಗಳು ಇವೆ. 2010ರಲ್ಲಿ ಯುನೆಸ್ಕೋ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1715ರಿಂದ 1722ರವರೆಗೆ ಕಟ್ಟಿದ ಓಡರ್ ಕೆರೆಯ ಅಣೆಕಟ್ಟು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಜರ್ಮನಿಯಲ್ಲೇ ದೊಡ್ಡದಾಗಿತ್ತು.

ಹಾದಿ ಸಮತಟ್ಟಾಗಿರುವುದರ ಗುಟ್ಟು ಇಲ್ಲಿದೆ. ಎತ್ತರದಲ್ಲಿರುವ ನೀರಿಗೆ ಪ್ರಚ್ಛನ್ನ ಶಕ್ತಿ ಇರುತ್ತದೆ ಎಂದು ಪ್ರೌಢಶಾಲೆಯಲ್ಲಿ ಕಲಿಯುತ್ತೇವೆ. ದ್ರವ್ಯರಾಶಿ, ಗುರುತ್ವ, ಎತ್ತರ ಈ ಮೂರರ ಗುಣಲಬ್ಧವೇ ಅದರ ಬೆಲೆ. 12 ಮೀಟರ್ ವ್ಯಾಸದ ಗಾಲಿಯ ನೆತ್ತಿಯ ಮೇಲೆ ಸೆಕೆಂಡಿಗೆ 100 ಲೀಟರ್ ನೀರು ಬಿದ್ದರೆ 100 × 9.8 × 12, ಅಂದರೆ 11,760 ವಾಟ್. ಸುಮಾರು ಹದಿನಾರು ಅಶ್ವಶಕ್ತಿ! ಘರ್ಷಣೆಯಲ್ಲಿ ಒಂದಿಷ್ಟು ಕಳೆದರೂ ಉಳಿದದ್ದು ಕಡಿಮೆಯಲ್ಲ. ಆದರೆ ಅದೇ ನೀರು ಕಾಲುವೆಯಲ್ಲಿ ಬರುವಾಗಲೇ 12 ಮೀಟರ್ ವೃಥಾ ಇಳಿದುಬಿಟ್ಟರೆ? ಒಂದು ಗಾಲಿಯೇ ನಷ್ಟ. ಹಾಗೆಂದು ಇಳಿಜಾರೇ ಇಲ್ಲದಿದ್ದರೆ ನೀರು ಹರಿಯುವುದೂ ಇಲ್ಲ. ಆದ್ದರಿಂದ ಹರಿಯಲು ಎಷ್ಟು ಬೇಕೋ ಅಷ್ಟೇ ಇಳಿಜಾರು ಕೊಟ್ಟು, ಬೆಟ್ಟದ ಸಮೋನ್ನತಿ ರೇಖೆಯ ಗುಂಟ ಕಾಲುವೆ ತೋಡಿದರು. ತಗ್ಗು ಅಡ್ಡ ಬಂದ ಕಡೆ, 1732ರಿಂದ 1734ರಲ್ಲಿ, ಸುಮಾರು 940 ಮೀಟರ್ ಉದ್ದದ ಮಣ್ಣಿನ ದಿಬ್ಬವನ್ನೇ ಕಟ್ಟಿ ಅದರ ಮೇಲೆ ನೀರು ಹರಿಸಿದರು. ಒಂದು ಗಾಲಿ ತಿರುಗಿಸಿ ಬಂದ ನೀರನ್ನು ಕೆಳಗಿನ ಇನ್ನೊಂದು ಗಾಲಿಗೆ ಹಾಯಿಸಿದರು. ಪೈಸೆ ಪೈಸೆ ಲೆಕ್ಕವಿಡುವ ಗೃಹಸ್ಥನ ಹಾಗೆ ಮೀಟರ್ ಮೀಟರ್ ಎತ್ತರಕ್ಕೂ ಲೆಕ್ಕವಿಟ್ಟರು.

ನಮ್ಮ ನಾಡಿನ ಗಣಿಗೂ ನೀರೇ ಬಲ ಕೊಟ್ಟದ್ದುಂಟು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಹಾರ್ಟ್ಸ್‌ನಲ್ಲಿ ಕಾಲುವೆ ಮಾಡಿದ ಕೆಲಸವನ್ನು ಇಲ್ಲಿ ತಂತಿ ಮಾಡಿತು.

ಏಣಿಯಿಂದ ಹಗ್ಗಕ್ಕೆ

ನೀರನ್ನೇನೋ ಗಾಲಿ ಎತ್ತಿತು. ಮನುಷ್ಯರನ್ನು ಎತ್ತುವವರು ಯಾರು? 700 ಮೀಟರ್ ಆಳದಲ್ಲಿ ದುಡಿದ ಕಾರ್ಮಿಕ ಸಂಜೆ ಏಣಿ ಹತ್ತಿಯೇ ಮೇಲೆ ಬರಬೇಕಿತ್ತು. ಜೋಗದ ಆಳ 253 ಮೀಟರ್. ಅದರ ಎರಡೂವರೆ ಪಟ್ಟಿಗೂ ಹೆಚ್ಚು! 60 ಕೆ.ಜಿ. ತೂಕದವನು ಅಷ್ಟು ಹತ್ತಲು ಮಾಡುವ ಕೆಲಸ ನಾಲ್ಕು ಲಕ್ಷ ಜೂಲ್‌ಗೂ ಮೇಲೆ. ಅದೂ ದಿನವೆಲ್ಲ ಬಂಡೆ ಒಡೆದು ದಣಿದ ಮೇಲೆ. ವಯಸ್ಸಾದವರಿಗೆ ಇದು ಸಾಧ್ಯವೇ?

1833ರಲ್ಲಿ ಕ್ಲೌಸ್ಟಾಲ್‌ನ ಗಣಿ ಅಧಿಕಾರಿ ಡೋರೆಲ್ ಇದಕ್ಕೊಂದು ಉಪಾಯ ಹುಡುಕಿದ. ಗಣಿಬಾವಿಯ ಉದ್ದಕ್ಕೂ ಅಕ್ಕಪಕ್ಕದಲ್ಲಿ ಎರಡು ಉದ್ದನೆಯ ಕಂಬಗಳು, ಅವುಗಳಿಗೆ ಅಲ್ಲಲ್ಲಿ ಮೆಟ್ಟಿಲು. ನೀರಿನ ಗಾಲಿ ತಿರುಗಿದಂತೆ ಒಂದು ಕಂಬ ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತದೆ. ಏರಿದ ಕಂಬ ಒಂದು ಕ್ಷಣ ನಿಂತಾಗ ಪಕ್ಕದ ಕಂಬದ ಮೆಟ್ಟಿಲಿಗೆ ದಾಟಿಕೊಂಡರೆ, ಈಗ ಅದು ಮೇಲೇರುತ್ತದೆ. ಹೀಗೆ ಅತ್ತಿಂದಿತ್ತ ದಾಟುತ್ತ ದಾಟುತ್ತ ಮೇಲೆ ಬರಬಹುದು. ಸಾಂಕ್ಟ್ ಆಂಡ್ರಿಯಾಸ್‌ಬರ್ಗ್‌ನ ಸ್ಯಾಮ್ಸನ್ ಗಣಿಯಲ್ಲಿ 1837ರಲ್ಲಿ ಅಳವಡಿಸಿದ ಇಂಥ ಯಂತ್ರ ಇಂದಿಗೂ ಉಳಿದಿದೆ.

ಮರುವರ್ಷ, 1834ರಲ್ಲಿ, ಅದೇ ಕ್ಲೌಸ್ಟಾಲ್‌ನಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದ. ಅಲ್ಲಿಯವರೆಗೆ ಅದಿರು ಎತ್ತಲು ಸೆಣಬಿನಂಥ ನಾರಿನ ಹಗ್ಗ ಅಥವಾ ಕಬ್ಬಿಣದ ಸರಪಳಿ ಬಳಸುತ್ತಿದ್ದರು. ಹಗ್ಗ ಕೊಳೆಯುತ್ತಿತ್ತು. ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬಿಟ್ಟರೂ ಇಡೀ ಸರಪಳಿ ಹೋಯಿತು. ಆಲ್ಬರ್ಟನ ಹಗ್ಗದಲ್ಲಿ ನಾಲ್ಕು ನಾಲ್ಕು ತಂತಿಗಳ ಮೂರು ಎಳೆಗಳಿದ್ದವು. ಒಂದು ತಂತಿ ತುಂಡಾದರೂ ಉಳಿದವು ಭಾರ ಹೊರುತ್ತವೆ. ತುಂಡಾದದ್ದು ಕಣ್ಣಿಗೂ ಕಾಣುತ್ತದೆ. ಕೋಲಾರದಲ್ಲಿ 3 ಕಿ.ಮೀ.ಗೂ ಆಳದ ಗಣಿಗೆ ಜನರನ್ನು ಇಳಿಸಿದ್ದು, ಇಂದು ಬಹುಮಹಡಿ ಕಟ್ಟಡದ ಲಿಫ್ಟನ್ನು ಎಳೆಯುವುದು ಇದೇ ವಂಶದ ಉಕ್ಕಿನ ಹಗ್ಗ.

ಒಂದೇ ಜಾತಿಯ ಕಾಡು

ಗಣಿಗೆ ನೀರು ಬೇಕಾದಷ್ಟೇ ಮರವೂ ಬೇಕಿತ್ತು. ಸುರಂಗದ ಚಾವಣಿಗೆ ಊರೆ, ಗಾಲಿಗೆ ಹಲಗೆ, ಅದಿರು ಕರಗಿಸಲು ಇದ್ದಿಲು, ಎಲ್ಲವೂ ಕಾಡಿನಿಂದಲೇ. ಇಲ್ಲಿನ ತಪ್ಪಲಿನಲ್ಲಿ ಸಹಜವಾಗಿ ಬೆಳೆಯುತ್ತಿದ್ದುದು ಬೀಚ್ ಮುಂತಾದ ಅಗಲ ಎಲೆಯ ಮರಗಳು. ಸೂಜಿ ಎಲೆಯ ಸ್ಪ್ರೂಸ್ ಮರ ಎತ್ತರದ ಚಳಿ ಜಾಗಗಳಲ್ಲಿ ಮಾತ್ರ ಇತ್ತು. ಕಾಡು ಬೋಳಾದಾಗ ಎಲ್ಲೆಡೆಯೂ ಸ್ಪ್ರೂಸನ್ನೇ ನೆಟ್ಟರು. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ. ಊರೆಯ ಮರ ಮುರಿಯುವ ಮೊದಲು ಲಟಲಟ ಸದ್ದು ಮಾಡಿ ಗಣಿಯವರನ್ನು ಎಚ್ಚರಿಸುತ್ತದೆ ಎಂಬ ಹೆಸರೂ ಅದಕ್ಕಿತ್ತು. ಅಂದಿನ ಅಗತ್ಯಕ್ಕೆ ಅದು ಸರಿಯಾದ ಆಯ್ಕೆಯೇ.

ಲೆಕ್ಕ ತಪ್ಪಿದ್ದು ಬಹಳ ಕಾಲದ ನಂತರ ಕಂಡುಬಂತು. 2018ರಿಂದ 2020ರವರೆಗೆ ಸತತವಾಗಿ ಬರ ಬಿದ್ದಿತು. ತೊಗಟೆ ಕೊರೆಯುವ ದುಂಬಿ ಬಂದಾಗ ಸ್ಪ್ರೂಸ್ ಮರ ರಾಳವನ್ನು ಸುರಿಸಿ ಅದನ್ನು ಹೊರತಳ್ಳುತ್ತದೆ. ರಾಳ ಸುರಿಸಲು ಮರಕ್ಕೆ ನೀರು ಬೇಕು. ನೀರಿಲ್ಲದೆ ಸೊರಗಿದ ಮರಗಳ ತೊಗಟೆಯಡಿ ದುಂಬಿಗಳು ಮೊಟ್ಟೆಯಿಟ್ಟವು. ಬಿಸಿ ಬೇಸಿಗೆಯಲ್ಲಿ ಒಂದೇ ವರ್ಷಕ್ಕೆ ಎರಡು ಮೂರು ಪೀಳಿಗೆ ಹುಟ್ಟಿದವು. ಪಕ್ಕದ ಮರವೂ ಅದೇ ಜಾತಿ, ಅದರಾಚೆಯದೂ ಅದೇ ಜಾತಿ, ವಯಸ್ಸೂ ಹೆಚ್ಚುಕಡಿಮೆ ಒಂದೇ. ತಡೆಯುವವರು ಯಾರು? ರಾಷ್ಟ್ರೀಯ ಉದ್ಯಾನದ ಬಹುಪಾಲು ಸ್ಪ್ರೂಸ್ ಮರಗಳು ಸತ್ತು, ಹಸಿರು ಬೆಟ್ಟಗಳು ಬೂದು ಬಣ್ಣಕ್ಕೆ ತಿರುಗಿದವು.

ತಂತಿ ಹಗ್ಗದ ಪಾಠ ಕಾಡಿಗೂ ಸಲ್ಲುತ್ತದೆ. ಹಲವು ಜಾತಿಯ ಮರಗಳ ಕಾಡಿನಲ್ಲಿ ಒಂದು ಜಾತಿಗೆ ರೋಗ ಬಂದರೆ ಉಳಿದವು ನೆಲವನ್ನೂ ನೀರನ್ನೂ ಹಿಡಿದು ನಿಲ್ಲುತ್ತವೆ. ಒಂದೇ ಜಾತಿಯ ಕಾಡು ಸರಪಳಿಯಂತೆ. ಅಕೇಶಿಯಾ, ನೀಲಗಿರಿ ನೆಡುತೋಪುಗಳನ್ನು ಕಂಡಿರುವ ನಮಗೆ ಇದು ದೂರದ ಮಾತಲ್ಲ.

ಹಾರ್ಟ್ಸ್‌ನ ಕಥೆ ಅಲ್ಲಿಗೇ ಮುಗಿದಿಲ್ಲ. ಉದ್ಯಾನದ ಬಹಳಷ್ಟು ಕಡೆ ಸತ್ತ ಮರಗಳನ್ನು ಹಾಗೆಯೇ ಬಿಟ್ಟಿದ್ದಾರೆ. ಅವುಗಳ ಬುಡದಲ್ಲಿ ಬರ್ಚ್, ರೋವನ್ ಸಸಿಗಳು ತಾವಾಗಿ ಮೇಲೆದ್ದಿವೆ; ಕೆಲವೆಡೆ ಬೀಚ್ ಸಸಿಗಳನ್ನು ನೆಟ್ಟಿದ್ದಾರೆ. ಒಣಮರ ಗಾಳಿಯಿಲ್ಲದೆಯೂ ಉರುಳಬಹುದಾದ್ದರಿಂದ ಹಾದಿ ಮುಚ್ಚಿದೆ ಎಂಬ ಫಲಕ ಕಂಡಲ್ಲಿ ನಡೆಯುವವರು ಹಿಂದಿರುಗಬೇಕು. ಹಳೆಯ ಸುರಂಗದ ಬಾಯಿ ಕಂಡರೆ, ಅದು ಯಾವ ದೇಶದ್ದೇ ಆಗಲಿ, ಮಾರ್ಗದರ್ಶಕರಿಲ್ಲದೆ ಒಳಗೆ ಕಾಲಿಡಬಾರದು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಸಾಲದಿರಬಹುದು. ಕಣ್ಣಿಗೆ ಅದು ತಿಳಿಯುವುದಿಲ್ಲ.

ಮಾಡಿ ನೋಡಿ

ಹಾರ್ಟ್ಸ್‌ಗೆ ಹೋಗಲಾಗದಿದ್ದರೂ ಅಲ್ಲಿಯ ಪಾಠವನ್ನು ಊರ ಗುಡ್ಡದಲ್ಲೇ ಕಲಿಯಬಹುದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವಂಥ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಹತ್ತು ಮೀಟರ್, ಒಂದೇ ಅಳತೆಯ ಎರಡು ಕೋಲು ತೆಗೆದುಕೊಳ್ಳಿ. ಕೋಲುಗಳಿಗೆ ಬುಡದಿಂದ ಒಂದೇ ಎತ್ತರದಲ್ಲಿ ಗುರುತು ಹಾಕಿ, ಕೊಳವೆಯ ತುದಿಗಳನ್ನು ಕಟ್ಟಿ, ಗುಳ್ಳೆ ಬಾರದಂತೆ ನೀರು ತುಂಬಿ. ಒಬ್ಬರು ನಿಂತಲ್ಲೇ ನಿಲ್ಲಲಿ. ಇನ್ನೊಬ್ಬರು ಎರಡೂ ಕೋಲಿನ ನೀರು ಗುರುತಿಗೆ ಸರಿಯಾಗುವ ಜಾಗ ಹುಡುಕಿ ಅಲ್ಲೊಂದು ಗೂಟ ನೆಡಲಿ. ಹತ್ತಿಪ್ಪತ್ತು ಗೂಟ ನೆಟ್ಟು ಹಿಂದಿರುಗಿ ನೋಡಿದರೆ ಸಮೋನ್ನತಿ ರೇಖೆ ಗುಡ್ಡದ ಮೇಲೆ ಮೂಡಿರುತ್ತದೆ. ನಂತರ ಕೆರೆಯ ತೂಬಿನಿಂದ ಗದ್ದೆಗೆ ಹೋಗುವ ಕಾಲುವೆಯ ಗುಂಟ ಒಮ್ಮೆ ನಡೆಯಿರಿ. ಅದನ್ನು ತೋಡಿದ ನಮ್ಮ ಹಿರಿಯರಿಗೂ ಈ ಲೆಕ್ಕ ಗೊತ್ತಿತ್ತು ಎಂಬುದು ಕಾಲಿಗೇ ತಿಳಿಯುತ್ತದೆ.