ಗೃಹಸ್ಥರೊಡನೆ: ಭೂಪಟವೂ ಅಂಗಡಿಯ ಲೆಕ್ಕವೂ

ಅಪರಿಚಿತವಾದ ಊರಿಗೆ ಹೋದಾಗ ದಾರಿಯನ್ನು ಯಾರನ್ನಾದರೂ ಕೇಳುವ ವಾಡಿಕೆಯು ನಮ್ಮಲ್ಲಿ ಈಗ ಬಹುಮಟ್ಟಿಗೆ ತಪ್ಪಿಹೋಗಿದೆ. ಕೈಯಲ್ಲಿರುವ ಮೊಬೈಲಿನ ಭೂಪಟವೇ ಎಡಕ್ಕೆ ಹೊರಳಬೇಕೆಂದೂ ಬಲಕ್ಕೆ ಹೊರಳಬೇಕೆಂದೂ ಹೇಳಿಕೊಡುತ್ತಿರುವುದಷ್ಟೆ. ಜನರೇ ಕೂಡಿ ಬರೆಯತಕ್ಕ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಭೂಪಟವನ್ನು ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು 2004ರಲ್ಲಿ ಪ್ರಾರಂಭಿಸಿದರು. ಗೂಗಲ್ ಸಂಸ್ಥೆಯವರ ಭೂಪಟವು 2005ರ ಫೆಬ್ರವರಿಯಲ್ಲಿ ತೆರೆಯಿತು. ನಮ್ಮ ಇಸ್ರೋ ಸಂಸ್ಥೆಯವರು ‘ಭುವನ್’ ಎಂಬುದನ್ನು 2009ರಲ್ಲಿ ಹೊರತಂದರು. ಇಷ್ಟು ಅಲ್ಪಕಾಲದಲ್ಲಿ ಇವು ಮನೆಮನೆಯನ್ನೂ ಹೊಕ್ಕಿವೆ. ಆದರೆ ದಾರಿ ತೋರಿಸುವುದು ಈ ಭೂಪಟಗಳ ಅರ್ಧ ಕೆಲಸವೆಂಬುದನ್ನೂ, ನಮ್ಮ ಸ್ವಂತ ಲೆಕ್ಕವನ್ನು ಅವುಗಳ ಮೇಲೆ ಹರಡಿ ನೋಡಬಹುದೆಂಬುದನ್ನೂ ಬಲ್ಲ ಗೃಹಸ್ಥರು ಕಡಿಮೆ. ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡಬೇಕೆಂದಿದ್ದೇವೆ.

ನಮ್ಮ ಮಿತ್ರರಾದ ರಾಯರೊಬ್ಬರು ಮೈಸೂರಿನ ಹಳೆಯ ಬೀದಿಯೊಂದರಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಸಂಡಿಗೆಗಳ ಸಣ್ಣ ಅಂಗಡಿಯನ್ನು ಇಟ್ಟುಕೊಂಡಿದ್ದಾರೆ. ಅಂಗಡಿ ಎಂದು ನಾವು ಹೇಳಿದರೂ ಅದರ ಜೀವವೆಲ್ಲ ಅವರ ಮನೆಯವರ ಕೈಯ ಹದದಲ್ಲಿದೆ. ಊರಿನ ಇನ್ನೊಂದು ಕಡೆಯ ದೊಡ್ಡ ಬಡಾವಣೆಯಲ್ಲಿ ಎರಡನೆಯ ಅಂಗಡಿಯನ್ನು ತೆರೆಯಬೇಕೆಂದು ರಾಯರು ನಿಶ್ಚಯಿಸಿ, ಮಳಿಗೆಯನ್ನು ನೋಡಿ, ಮುಂಗಡದ ಹಣಕ್ಕಾಗಿ ಒಡವೆಗಳನ್ನು ಅಡವಿಡುವ ತನಕ ಬಂದಿದ್ದರು. ನಾವು ಅವರ ಮನೆಗೆ ಹೋದ ದಿನ ಗಂಡಹೆಂಡಿರಲ್ಲಿ ಇದೇ ಚರ್ಚೆ.

“ಆ ಕಡೆಯಿಂದ ದಿನವೂ ಫೋನು ಬರುತ್ತದೆ. ಅಲ್ಲಿ ಅಂಗಡಿ ಇಟ್ಟರೆ ನಡೆಯದೆ ಇರುತ್ತದೆಯೆ?” ಎಂದರು ರಾಯರು.

“ಫೋನು ಬರುವುದು ನಿಜ. ಎಷ್ಟು ಮನೆಯಿಂದ ಬರುತ್ತದೆ ಎಂದು ಇವರು ಎಣಿಸಿದ್ದಾರೆಯೆ, ನೀವೇ ಕೇಳಿ” ಎಂದು ಆ ತಾಯಿ ನಮ್ಮ ಕಡೆ ನೋಡಿದರು.

ಎಣಿಸಿರಲಿಲ್ಲ. ಆದರೆ ಎಣಿಸುವುದಕ್ಕೆ ಬೇಕಾದುದೆಲ್ಲ ಮನೆಯಲ್ಲಿಯೇ ಇತ್ತು. ಸಾಮಾನುಗಳನ್ನು ತಲುಪಿಸಿದ ವಿಳಾಸಗಳನ್ನು ಆಕೆ ಒಂದು ಪುಸ್ತಕದಲ್ಲಿ ತಪ್ಪದೆ ಬರೆದಿಟ್ಟಿದ್ದರು. ಆ ರಾತ್ರಿಯಿಂದಲೇ ಅವರ ಮಗಳು ಮೂರು ತಿಂಗಳ ವಿಳಾಸಗಳನ್ನು ಗಣಕಯಂತ್ರದ ಲೆಕ್ಕದ ಹಾಳೆಗೆ ಇಳಿಸತೊಡಗಿದಳು. ಮೊದಲ ಸಾಲಿನಲ್ಲಿ ಶೀರ್ಷಿಕೆಗಳು. ಕೆಳಗೆ ಒಂದು ಮನೆಗೆ ಒಂದು ಸಾಲು. ಒಂದು ಅಂಕಣದಲ್ಲಿ ವಿಳಾಸ, ಇನ್ನೊಂದರಲ್ಲಿ ಕೊಂಡ ಪದಾರ್ಥ, ಮತ್ತೊಂದರಲ್ಲಿ ಎಷ್ಟು ಸಲ ಕೊಂಡರೆಂಬ ಎಣಿಕೆ. ಗೂಗಲಿನವರ ‘ಮೈ ಮ್ಯಾಪ್ಸ್’ ಎಂಬ ಸೌಕರ್ಯದಲ್ಲಿ ಹೊಸ ಭೂಪಟವನ್ನು ತೆರೆದು ಇಂತಹ ಹಾಳೆಯನ್ನು ಅದರೊಳಕ್ಕೆ ತೆಗೆದುಕೊಂಡರೆ, ಸ್ಥಳವನ್ನು ತಿಳಿಸುವ ಅಂಕಣ ಯಾವುದೆಂದು ಅದು ಕೇಳುತ್ತದೆ. ಹೇಳಿದೊಡನೆ ಒಂದೊಂದು ಸಾಲಿಗೂ ಒಂದೊಂದು ಗುರುತನ್ನು ನೆಡುತ್ತದೆ. ಪದಾರ್ಥದ ಅಂಕಣವನ್ನು ತೋರಿಸಿದರೆ ಪದಾರ್ಥಕ್ಕೊಂದು ಬಣ್ಣವನ್ನೂ ಕೊಡುತ್ತದೆ. ಇದಕ್ಕೆ ಹಣವಿಲ್ಲ. ಓಪನ್ ಸ್ಟ್ರೀಟ್ ಮ್ಯಾಪನ್ನು ಆಧರಿಸಿದ ‘ಯುಮ್ಯಾಪ್’ ಎಂಬುದರಲ್ಲಿಯೂ ಇದೇ ಕೆಲಸವನ್ನು ಮಾಡಬಹುದು. ಆದರೆ ಅಲ್ಲಿ ಒಂದೊಂದು ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ನಾವೇ ಒದಗಿಸಿದರೆ ಒಳ್ಳೆಯದು.

ಇಲ್ಲಿ ಮೊದಲನೆಯ ತೊಡಕು ಕಾಣಿಸಿಕೊಳ್ಳುತ್ತದೆ. ‘ಗಣಪತಿ ಗುಡಿಯ ಹಿಂದೆ, ಹಾಲಿನ ಬೂತಿನ ಎದುರು’ ಎಂಬ ವಿಳಾಸವು ನಮಗೂ ಅಂಚೆಯವನಿಗೂ ಅರ್ಥವಾಗುತ್ತದೆಯೇ ಹೊರತು ಯಂತ್ರಕ್ಕೆ ಅರ್ಥವಾಗುವುದಿಲ್ಲ. ಅದು ಕೆಲವು ಸಾಲುಗಳನ್ನು ತೋರಿಸಲಾರೆನೆಂದು ಒಪ್ಪಿಕೊಳ್ಳುತ್ತದೆ, ಅದು ವಾಸಿ. ಕೆಲವನ್ನು ಸುಮ್ಮನೆ ತಪ್ಪು ಸ್ಥಳದಲ್ಲಿ ನೆಟ್ಟುಬಿಡುತ್ತದೆ, ಅದೇ ಅಪಾಯ. 1972ರಲ್ಲಿ ಬಂದ ಆರು ಅಂಕಿಗಳ ಪಿನ್ ಕೋಡು ಪ್ರದೇಶವನ್ನು ಹೇಳುತ್ತದೆ, ಮನೆಯನ್ನು ಹೇಳುವುದಿಲ್ಲ. ಅಂಚೆ ಇಲಾಖೆಯವರು 2025ರಲ್ಲಿ ಹೊರತಂದ ‘ಡಿಜಿಪಿನ್’ ಎಂಬ ಹತ್ತು ಅಕ್ಷರಗಳ ಗುರುತು ಸುಮಾರು ನಾಲ್ಕು ಮೀಟರು ಚೌಕದ ಜಾಗವನ್ನೇ ಸೂಚಿಸಬಲ್ಲದು. ಅದು ಎಲ್ಲರ ರೂಢಿಗೆ ಬರುವ ತನಕ, ಗುರುತುಗಳನ್ನು ಒಂದೊಂದಾಗಿ ನೋಡಿ, ತಪ್ಪಿದುದನ್ನು ಕೈಯಿಂದ ಎಳೆದು ಸರಿಯಾದ ಮನೆಯ ಮೇಲೆ ಇಡುವುದಕ್ಕಿಂತ ಬೇರೆ ಉಪಾಯವಿಲ್ಲ. ತಾಯಿಯೂ ಮಗಳೂ ಮೂರು ಸಂಜೆ ಕುಳಿತು ಈ ಕೆಲಸವನ್ನು ಮುಗಿಸಿದರು.

ಭೂಪಟವು ಸಿದ್ಧವಾದಾಗ ರಾಯರು ಬಹಳ ಹಿಗ್ಗಿದರು. ದೊಡ್ಡ ಬಡಾವಣೆಯ ಮೇಲೆ ಕೆಂಪು ಗುರುತುಗಳು ಜಾತ್ರೆ ನೆರೆದಂತೆ ನೆರೆದಿದ್ದವು. “ನೋಡಿದಿರಾ? ನಾನು ಹೇಳಿದ್ದೇ ನಿಜ” ಎಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಗುರುತುಗಳ ಗುಂಪನ್ನು ಕಂಡೊಡನೆ ತೀರ್ಪನ್ನು ಹೇಳಬಾರದೆಂಬುದಕ್ಕೆ, ಇಂತಹ ಭೂಪಟಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದ ಒಂದರ ಕಥೆಯನ್ನು ನಾವು ಅವರಿಗೆ ಹೇಳಿದೆವು; ವಾಚಕರಿಗೂ ಹೇಳುತ್ತೇವೆ.

1854ರ ಆಗಸ್ಟ್ ಕೊನೆಯಲ್ಲಿ ಲಂಡನ್ ನಗರದ ಸೋಹೋ ಎಂಬ ಭಾಗದಲ್ಲಿ ಕಾಲರಾ ಬೇನೆಯು ಸಿಡಿದೆದ್ದು, ಹತ್ತು ದಿನಗಳಲ್ಲಿ ಐದುನೂರಕ್ಕೂ ಹೆಚ್ಚು ಜನರು ಸತ್ತರು. ಕೆಟ್ಟ ಗಾಳಿಯಿಂದ ಈ ರೋಗವು ಬರುತ್ತದೆಂದು ಆ ಕಾಲದ ವೈದ್ಯರಲ್ಲಿ ಬಹುಮಂದಿಯ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯರು ಮಾತ್ರ ನೀರನ್ನು ಸಂದೇಹಿಸಿದರು. ಬ್ರಾಡ್ ಸ್ಟ್ರೀಟಿನ ನೀರಿನ ಪಂಪನ್ನು ತೋರಿಸಿ ಅಧಿಕಾರಿಗಳಿಗೆ ಹೇಳಿದರು. ಸೆಪ್ಟೆಂಬರ್ 8ರಂದು ಅದರ ಹಿಡಿಯನ್ನು ಕಳಚಿದರು. ಬೇನೆಯು ಅಷ್ಟರಲ್ಲಿಯೇ ಇಳಿಮುಖವಾಗಿತ್ತೆಂಬುದನ್ನು ಸ್ನೋ ತಾವೇ ಒಪ್ಪಿದ್ದಾರೆ. ಅನಂತರ ಅವರು ಬರೆಸಿದ ಭೂಪಟದಲ್ಲಿ, ಸಾವು ನಡೆದ ಮನೆಯ ಮುಂದೆ ಸಾವಿಗೊಂದರಂತೆ ಕರಿಯ ಗೆರೆಗಳನ್ನು ಕಾಣಬಹುದು. ಆ ಗೆರೆಗಳು ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಮುತ್ತಿಕೊಂಡಿವೆ.

ಆದರೆ ಗುಂಪನ್ನು ಕಂಡು ಸ್ನೋ ತೃಪ್ತರಾಗಲಿಲ್ಲ. ಗುಂಪಿಗೆ ಹೊಂದದೆ ಇದ್ದುದನ್ನೇ ಅವರು ಹೆಚ್ಚಾಗಿ ವಿಚಾರಿಸಿದರು. ಪಂಪಿನ ಸಮೀಪದಲ್ಲಿಯೇ ಬಡವರನ್ನು ಇಟ್ಟಿದ್ದ ಒಂದು ಆಶ್ರಯಗೃಹವಿದ್ದಿತು. ಅಲ್ಲಿ 535 ಮಂದಿ ಇದ್ದರೂ ಸತ್ತವರು ಐವರೇ. ವಿಚಾರಿಸಲಾಗಿ, ಆ ಗೃಹಕ್ಕೆ ಸ್ವಂತ ಬಾವಿಯುಂಟೆಂದು ತಿಳಿಯಿತು. ಅದೇ ಬೀದಿಯ ಬಿಯರು ಕಾರ್ಖಾನೆಯ ಎಪ್ಪತ್ತಕ್ಕೂ ಮೇಲ್ಪಟ್ಟ ಕೆಲಸಗಾರರಲ್ಲಿ ಯಾರೂ ಸಾಯಲಿಲ್ಲ. ಅವರು ಪಂಪಿನ ನೀರನ್ನು ಕುಡಿಯುತ್ತಲೇ ಇರಲಿಲ್ಲ. ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ತೀರಿಕೊಂಡಿದ್ದಳು; ಆ ಪ್ರದೇಶದಲ್ಲಿ ಬೇನೆಯೇ ಇರಲಿಲ್ಲ. ಆಕೆ ಹಿಂದೆ ಬ್ರಾಡ್ ಸ್ಟ್ರೀಟಿನ ಬಳಿ ವಾಸವಾಗಿದ್ದವಳು. ಆ ಪಂಪಿನ ನೀರಿನ ರುಚಿಗೆ ಒಗ್ಗಿಹೋಗಿ, ಗಾಡಿಯಲ್ಲಿ ದಿನವೂ ಒಂದು ಸೀಸೆ ನೀರನ್ನು ತರಿಸಿಕೊಳ್ಳುತ್ತಿದ್ದಳಂತೆ. ಒಂಟಿಯಾಗಿ ನಿಂತ ಆ ಒಂದು ಸಾವು ಗುಂಪಿನ ನೂರು ಸಾವುಗಳಿಗಿಂತ ಸ್ಪಷ್ಟವಾಗಿ ಮಾತನಾಡಿತು. ಭೂಪಟವು ಪ್ರಶ್ನೆಯನ್ನು ಎತ್ತಿಕೊಟ್ಟಿತು. ಉತ್ತರವು ಮನೆಮನೆಗೆ ಹೋಗಿ ಕೇಳಿದ ಮೇಲೆ ದೊರೆಯಿತು.

ಈ ಕಥೆಯನ್ನು ಕೇಳಿದ ಮೇಲೆ ನಾವೆಲ್ಲರೂ ರಾಯರ ಭೂಪಟಕ್ಕೆ ಮತ್ತೆ ಕಣ್ಣು ಹಾಯಿಸಿದೆವು. ದೊಡ್ಡ ಬಡಾವಣೆಯಲ್ಲಿ ಎಂಬತ್ತು ಗಿರಾಕಿಗಳ ಮನೆಗಳಿದ್ದವು. ರೈಲುದಾರಿಯ ಆಚೆಗಿನ ಚಿಕ್ಕ ಬಡಾವಣೆಯಲ್ಲಿ ನಲವತ್ತು. ಹಾಗಾದರೆ ದೊಡ್ಡದೇ ಮೇಲಲ್ಲವೆ? ಒಟ್ಟು ಮನೆಗಳೆಷ್ಟೆಂದು ತಿಳಿಯದೆ ಹಾಗೆ ಹೇಳಲಾಗದು. ವೃತ್ತಪತ್ರಿಕೆ ಹಂಚುವವರನ್ನೂ ಹಾಲಿನವರನ್ನೂ ವಿಚಾರಿಸಿದ್ದರಲ್ಲಿ, ದೊಡ್ಡದರಲ್ಲಿ ಸುಮಾರು ನಾಲ್ಕು ಸಾವಿರ ಮನೆಗಳೆಂದೂ, ಚಿಕ್ಕದರಲ್ಲಿ ಐನೂರೆಂದೂ ಗೊತ್ತಾಯಿತು. ಅಂದರೆ ದೊಡ್ಡ ಬಡಾವಣೆಯಲ್ಲಿ ನೂರಕ್ಕೆ ಎರಡು ಮನೆ. ಚಿಕ್ಕದರಲ್ಲಿ ನೂರಕ್ಕೆ ಎಂಟು. ಜನವು ಹೆಚ್ಚಾಗಿರುವ ಕಡೆ ಗುರುತುಗಳು ಹೆಚ್ಚಾಗಿರುವುದು ಸಹಜವೇ. ಅದು ಜನಸಂಖ್ಯೆಯ ಚಿತ್ರವೇ ಹೊರತು ವ್ಯಾಪಾರದ ಚಿತ್ರವಲ್ಲ. ಬಣ್ಣಬಣ್ಣದ ಭೂಪಟಗಳನ್ನು ಪತ್ರಿಕೆಗಳಲ್ಲಿ ನೋಡುವಾಗಲೂ ವಾಚಕರು ಇದೊಂದು ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು: ಇದು ಬರಿಯ ಎಣಿಕೆಯೋ, ಇಷ್ಟು ಜನರಿಗೆ ಇಷ್ಟು ಎಂಬ ಪ್ರಮಾಣವೋ?

“ಹಾಗಾದರೆ ಚಿಕ್ಕ ಬಡಾವಣೆಯಲ್ಲಿಯೇ ಅಂಗಡಿ ಇಡೋಣ” ಎಂದು ರಾಯರು ಮತ್ತೆ ಹೊರಟರು. ಅದೂ ಆತುರವೇ. ಪ್ರಮಾಣವು ಜನರ ಅಭಿಮಾನವನ್ನು ತೋರಿಸುತ್ತದೆ. ಬಾಡಿಗೆಯನ್ನು ಕಟ್ಟುವುದು ಮಾತ್ರ ಎಣಿಕೆ. ನಲವತ್ತು ಮನೆಗಳು ಎಂಬತ್ತಾದರೂ ಮಳಿಗೆಯ ಬಾಡಿಗೆಯೂ ಒಬ್ಬ ಆಳಿನ ಸಂಬಳವೂ ಗಿಟ್ಟವೆಂದು ಆ ತಾಯಿ ಬೆರಳುಗಳ ಮೇಲೆಯೇ ಲೆಕ್ಕ ಹಾಕಿ ಹೇಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಭೂಪಟದಿಂದ ಸುಳ್ಳಾಗುವುದಿಲ್ಲ.

ದೂರದ ವಿಷಯದಲ್ಲಿಯೂ ಕಣ್ಣು ಮೋಸಹೋಗುತ್ತದೆ. ಭೂಪಟದ ಮೇಲೆ ಚಿಕ್ಕ ಬಡಾವಣೆಯು ಅಂಗಡಿಗೆ ಒಂದು ಗೇಣು. ಆದರೆ ನಡುವೆ ರೈಲುದಾರಿಯಿರುವುದರಿಂದ ಸುತ್ತಿಕೊಂಡು ಹೋಗಬೇಕು. ಸ್ನೋ ಅವರು ತಮ್ಮ ಭೂಪಟದ ಎರಡನೆಯ ಪಾಠದಲ್ಲಿ, ಬ್ರಾಡ್ ಸ್ಟ್ರೀಟಿನ ಪಂಪಿಗೂ ಬೇರೆ ಪಂಪುಗಳಿಗೂ ನಡೆಯುವ ದಾರಿಯಲ್ಲಿ ಸಮದೂರವಾದ ಸ್ಥಳಗಳನ್ನು ಸೇರಿಸಿ ಒಂದು ಚುಕ್ಕಿಗೆರೆಯನ್ನು ಎಳೆದಿದ್ದರು. ಹಕ್ಕಿ ಹಾರುವ ದೂರವನ್ನು ಬಿಟ್ಟು ಮನುಷ್ಯನು ನಡೆಯುವ ದೂರವನ್ನು ಅಳೆದುದೇ ಅವರ ಜಾಣ್ಮೆ. ಇಂದಿನ ಭೂಪಟಗಳಲ್ಲಿ ನಡೆಯುವ ಹೊತ್ತನ್ನೂ ವಾಹನದ ಹೊತ್ತನ್ನೂ ಕ್ಷಣದಲ್ಲಿ ತಿಳಿಯಬಹುದು. ವ್ಯಾಪಾರಕ್ಕೆ ಅದನ್ನೇ ನೋಡತಕ್ಕದ್ದು.

ಕೊನೆಗೆ ಉಳಿದವು ಒಂಟಿ ಗುರುತುಗಳು. ಹಾಸನದಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಎರಡು, ಬೆಂಗಳೂರಿನಲ್ಲಿ ಅಲ್ಲೊಂದು ಇಲ್ಲೊಂದು. ಇವನ್ನು ಲೆಕ್ಕದಿಂದ ಬಿಟ್ಟುಬಿಡೋಣವೆಂದು ಮಗಳು ಹೇಳುತ್ತಿದ್ದಂತೆ ತಾಯಿ ತಡೆದರು. “ಬಿಡಬೇಡಮ್ಮ. ಇವರೆಲ್ಲ ನಮ್ಮ ಬೀದಿಯವರೇ. ಇದು ಮೂಲೆಮನೆಯ ಹುಡುಗಿ, ಕೊಟ್ಟ ಊರು ಹಾಸನ. ಇದು ವರ್ಗವಾಗಿ ಹೋದ ಮೇಷ್ಟ್ರು” ಎಂದು ಒಂದೊಂದರ ಮೇಲೂ ಬೆರಳಿಟ್ಟರು. ಅವರೆಲ್ಲ ಹ್ಯಾಂಪ್‌ಸ್ಟೆಡ್ಡಿನ ಆ ವಿಧವೆಯಂತೆಯೇ ಊರನ್ನು ಬಿಟ್ಟರೂ ರುಚಿಯನ್ನು ಬಿಡದವರು. ಪುಣ್ಯಕ್ಕೆ ಇಲ್ಲಿ ಹೋಗುವುದು ವಿಷವಲ್ಲ, ಸಾರಿನ ಪುಡಿ. ಬೇರೆ ಊರಿನ ವ್ಯಾಪಾರವು ಇದುವರೆಗೆ ಕೇಳಿದವರಿಗೆ ಮಾತ್ರ ನಡೆಯುತ್ತಿತ್ತು. ಬೀದಿಯನ್ನು ಬಿಟ್ಟುಹೋದ ಮನೆಗಳನ್ನು ಆಕೆ ನೆನಪು ಮಾಡಿಕೊಂಡು ಎಣಿಸಿದಾಗ, ಕೇಳದೆ ಇದ್ದವರೇ ಹೆಚ್ಚಾಗಿದ್ದರು.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಗಿರಾಕಿಗಳು ವಿಳಾಸವನ್ನು ಕೊಟ್ಟಿರುವುದು ಸಾಮಾನು ತಲುಪಲೆಂದೇ ಹೊರತು ಲೋಕಕ್ಕೆ ಸಾರಲೆಂದಲ್ಲ. ಇಂತಹ ಭೂಪಟವನ್ನು ತಮ್ಮವರಿಗೆ ಮಾತ್ರ ಕಾಣುವಂತೆ ಇಟ್ಟುಕೊಳ್ಳತಕ್ಕದ್ದು. ಹೆಸರು, ಫೋನು ಸಂಖ್ಯೆಗಳನ್ನು ಅದರಲ್ಲಿ ಸೇರಿಸಲೇಬಾರದು. ಹೆಸರಿಲ್ಲದ ಗುರುತುಗಳಿಂದ ಹಾನಿಯಿಲ್ಲವೆಂದು ತಿಳಿಯುವುದೂ ತಪ್ಪು. ವ್ಯಾಯಾಮ ಮಾಡುವವರ ಓಟದ ಜಾಡುಗಳನ್ನೆಲ್ಲ ಸೇರಿಸಿ ‘ಸ್ಟ್ರಾವಾ’ ಎಂಬ ಸಂಸ್ಥೆಯವರು 2017ರಲ್ಲಿ ಒಂದು ಲೋಕದ ಭೂಪಟವನ್ನು ಪ್ರಕಟಿಸಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಮರಳುಗಾಡಿನ ನಡುವೆ ಹೊಳೆಯುತ್ತಿದ್ದ ಜಾಡುಗಳಿಂದ ಸೈನಿಕರ ಠಾಣೆಗಳು ಎಲ್ಲಿವೆಯೆಂಬುದು 2018ರ ಜನವರಿಯಲ್ಲಿ ಬಯಲಾಯಿತು. ಒಂಟಿಯಾಗಿರುವ ವೃದ್ಧೆಯ ಮನೆಯ ಗುರುತು ಅಪರಿಚಿತರ ಕಣ್ಣಿಗೆ ಬೀಳುವುದು ಯಾರಿಗೆ ಹಿತ?

ರಾಯರು ಮಳಿಗೆಯವರಿಗೆ ಈಗ ಬೇಡವೆಂದು ಹೇಳಿ ಕಳುಹಿಸಿದರು. ಶನಿವಾರದ ದಿನ ಚಿಕ್ಕ ಬಡಾವಣೆಗೆ ಒಂದು ಆಟೋದಲ್ಲಿ ಸಾಮಾನು ಹೋಗುತ್ತದೆ. ಬೇರೆ ಊರಿನವರಿಗೆ ಅಂಚೆಯ ಪಾರ್ಸಲು. ದೊಡ್ಡ ಬಡಾವಣೆಯಲ್ಲಿ ಕೊಳ್ಳದೆ ಇರುವ ನೂರಕ್ಕೆ ತೊಂಬತ್ತೆಂಟು ಮನೆಗಳು ಏಕೆ ಕೊಳ್ಳುವುದಿಲ್ಲವೆಂಬುದನ್ನು ಭೂಪಟವು ಹೇಳಲಾರದು; ಅದನ್ನು ಕೇಳಿ ತಿಳಿಯಲು ರಾಯರು ಸಂಜೆಯ ಹೊತ್ತು ಆ ಕಡೆ ತಿರುಗಾಡಿ ಬರುತ್ತಿದ್ದಾರೆ. ಮುಂದೆ ಅಂಗಡಿಯಾದರೂ ಆದೀತು. ಒಡವೆಗಳು ಸದ್ಯಕ್ಕೆ ಪೆಟ್ಟಿಗೆಯಲ್ಲಿಯೇ ಇವೆ.

ವಾಚಕರಲ್ಲಿ ವ್ಯಾಪಾರವನ್ನು ನಡೆಸುವವರು, ಟ್ಯೂಷನ್ ಹೇಳುವವರು, ಹಾಲು ಮೊಸರು ಹಾಕಿಸುವವರು ಯಾರೇ ಆಗಲಿ, ತಮ್ಮ ಪುಸ್ತಕದ ಮೂರು ತಿಂಗಳ ಹಾಳೆಗಳನ್ನು ಹೀಗೆ ಭೂಪಟದ ಮೇಲೆ ಹರಡಿ ನೋಡಲಿ. ಗುಂಪನ್ನು ಕಂಡು ಹಿಗ್ಗದೆ ಮನೆಗಳ ಸಂಖ್ಯೆಯಿಂದ ಭಾಗಿಸಲಿ, ದಾರಿಯನ್ನು ಅಳೆಯಲಿ, ಒಂಟಿ ಗುರುತನ್ನು ವಿಚಾರಿಸಲಿ. ಇಷ್ಟಕ್ಕೂ ಮೊದಲು ಬೇಕಾದುದು, ಆ ತಾಯಿ ಇಟ್ಟಿದ್ದಂತಹ, ದಿನವೂ ತಪ್ಪದೆ ಬರೆದ ಒಂದು ಪುಸ್ತಕ. ಅದಿಲ್ಲದ ಮನೆಗೆ ಯಾವ ಭೂಪಟವೂ ದಾರಿ ತೋರಿಸಲಾರದು.