ಪಹಣಿ ನಿಮ್ಮ ಹೆಸರಲ್ಲಿದೆ, ಇಮೇಲ್ ಯಾರ ಹೆಸರಲ್ಲಿದೆ?

ಬೆಳಿಗ್ಗೆ ಕೂಳೆ ಕಬ್ಬಿಗೆ ನೀರು ಕಟ್ಟಿ ಬಂದು ಬರೀತಾ ಇದ್ದೀನಿ. ಇವತ್ತು ಕಬ್ಬಿನ ವಿಷಯ ಅಲ್ಲ, ಇಮೇಲ್ ವಿಷಯ. ನಗಬೇಡಿ, ಪೂರ್ತಿ ಓದಿ.

ಹೋದ ವಾರ ಒಂದು ತರಬೇತಿಗೆ ಹೋಗಿದ್ದೆ. ವೇದಿಕೆ ಮೇಲಿದ್ದ ಒಬ್ಬರು "ರೈತರಿಗೆ ಇಮೇಲ್ ಎಲ್ಲಾ ಯಾಕೆ ತಲೆನೋವು, ವಾಟ್ಸಾಪ್ ಇದ್ರೆ ಸಾಕು" ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನನಗೆ ಮೈ ಉರಿದುಹೋಯ್ತು. ಎದ್ದು ನಿಂತು ಹೇಳಬೇಕು ಅನ್ನಿಸಿತು, ಆದರೆ ಊಟದ ಹೊತ್ತಾಗಿತ್ತು, ಯಾರೂ ಕೇಳೋ ಸ್ಥಿತಿಯಲ್ಲಿರಲಿಲ್ಲ. ಅದಕ್ಕೇ ಇಲ್ಲಿ ಹೇಳ್ತೀನಿ.

ನಮ್ಮದು 11 ಮನೆಗಳ ಗುಂಪು. ಎಲ್ಲರದ್ದೂ ಒಂದೆರಡು ಎಕರೆ. ಹೈಡ್ರೋಸ್ ಹಾಕದೆ, ಬೆಂಡೆ ಗಿಡದ ಲೋಳೆಯಲ್ಲಿ ಪಾಕ ತಿಳಿ ಮಾಡಿ ಬೆಲ್ಲ ತೆಗೀತೀವಿ. ಇಂಥ ಬೆಲ್ಲ ನೋಡೋಕೆ ಕಪ್ಪು. ಮಂಡಿಗೆ ಹಾಕಿದ್ರೆ ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ, ರುಚಿ ನೋಡಲ್ಲ. ಅದಕ್ಕೇ ನಾವು ಬೆಂಗಳೂರಿನ ಅಂಗಡಿಗಳಿಗೆ ನೇರವಾಗಿ ಕೊಡೋದು. ಅಂಗಡಿಯವರು ಆರ್ಡರ್ ಕಳಿಸೋದು ಇಮೇಲ್‌ನಲ್ಲಿ. ಎಷ್ಟು ಕ್ವಿಂಟಾಲ್, ಪುಡಿ ಎಷ್ಟು, ಅಚ್ಚು ಎಷ್ಟು, ಯಾವ ತಾರೀಖು, ಏನು ಬೆಲೆ, ಎಲ್ಲಾ ಬರಹದಲ್ಲಿ ಇರುತ್ತೆ. ನಾಳೆ ಮಾತು ತಪ್ಪಿದ್ರೆ ತೋರಿಸೋಕೆ ಒಂದು ಕಾಗದ ಇದ್ದ ಹಾಗೆ. ವಾಟ್ಸಾಪ್ ಸಾಕು ಅನ್ನೋರು ದೊಡ್ಡ ಖರೀದಿದಾರರ ಲೆಕ್ಕದ ವಿಭಾಗಕ್ಕೆ ಒಂದು ಸಲ ಹೋಗಿ ಬರಲಿ.

ಇನ್ನೊಂದು ಮಾತು. 2021ರ ಅಕ್ಟೋಬರ್ 4ರಂದು ವಾಟ್ಸಾಪ್, ಫೇಸ್‌ಬುಕ್ ಎರಡೂ ಪ್ರಪಂಚದಾದ್ಯಂತ ಆರು ಗಂಟೆ ಹತ್ತಿರ ಮಲಗಿದ್ದವು. ಅವು ಒಂದೇ ಮನೆಯವು. ಅಂಥ ಹೊತ್ತಲ್ಲಿ ನಮ್ಮ ಸಂದೇಶ ಹೊತ್ತುಕೊಂಡು ಹೋಗೋಕೆ ಬೇರೆ ಯಾರೂ ಇಲ್ಲ. ಇಮೇಲ್ ಹಾಗಲ್ಲ. ಒಬ್ಬರ ಸರ್ವರ್ ಹೋದ್ರೆ ಅದೇ ವಿಳಾಸವನ್ನ ಇನ್ನೊಬ್ಬರ ಸರ್ವರ್‌ಗೆ ತಿರುಗಿಸಬಹುದು. ಆದರೆ ತಿರುಗಿಸೋ ಕೀಲಿ ನಿಮ್ಮ ಕೈಲಿರಬೇಕು. ನಮ್ಮ ಕೈಲಿರಲಿಲ್ಲ. ಕಥೆ ಇರೋದೇ ಅಲ್ಲಿ.

ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗ ನಮಗೆ ವೆಬ್‌ಸೈಟು, ಗುಂಪಿನ ಹೆಸರಿನದೇ ಇಮೇಲು ಎರಡನ್ನೂ ಮಾಡಿಕೊಟ್ಟ. ವರ್ಷಕ್ಕೆ 1,200 ರೂಪಾಯಿ. ಒಳ್ಳೆ ಹುಡುಗ, ಮೋಸಗಾರ ಅಲ್ಲ. ನಾನೇ ಹೇಳಿದ್ದು, "ನಮಗೆ ಇದೆಲ್ಲಾ ತಿಳಿಯಲ್ಲ ಕಣಪ್ಪ, ನಿನ್ನ ಹೆಸರಲ್ಲೇ ಮಾಡಿ ನೀನೇ ನೋಡ್ಕೊ" ಅಂತ. ಈ ಮಾತು ಆಡಿದ ಬಾಯಿ ನಂದು, ಅದನ್ನ ಮುಚ್ಚಿಡಲ್ಲ.

ಹೋದ ವರ್ಷ ಸಂಕ್ರಾಂತಿಗೆ ಮುಂಚೆ, ಡಿಸೆಂಬರ್ 22ರಿಂದ ನಮ್ಮ ಮೇಲ್ ನಿಂತುಹೋಗಿದೆ. ನಮಗೆ ಗೊತ್ತೇ ಆಗಿಲ್ಲ. ಫೋನಿನಲ್ಲಿ ಹಳೆ ಮೇಲ್‌ಗಳು ಹಾಗೇ ಕಾಣ್ತಾ ಇದ್ವು. ಕೆಳಗೆ ಸಣ್ಣ ಅಕ್ಷರದಲ್ಲಿ ಸಂಪರ್ಕ ಇಲ್ಲ ಅಂತ ಬರ್ತಿತ್ತು. ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲದಿರೋದು ಹೊಸದಾ? ಹಬ್ಬದ ಮುಂಚೆ ಯಾಕೆ ಒಂದು ಆರ್ಡರೂ ಇಲ್ಲ ಅಂತ ಜನವರಿ 2ಕ್ಕೆ ಅನುಮಾನ ಬಂದು ಆ ಹುಡುಗನಿಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ಅವನು ಕೆಲಸ ಬದಲಾಯಿಸಿ ಬೇರೆ ರಾಜ್ಯಕ್ಕೆ ಹೋಗಿದ್ದ. ಅವನಿಗೆ ಜಾಗ ಬಾಡಿಗೆ ಕೊಟ್ಟಿದ್ದವನು ತನ್ನ ಮೇಲಿನವನಿಗೆ ದುಡ್ಡು ಕಟ್ಟದೆ ಇಡೀ ಸರ್ವರನ್ನೇ ಮುಚ್ಚಿಸಿದ್ದ. ಗುತ್ತಿಗೆಯವನ ಗುತ್ತಿಗೆಯವನ ಹತ್ತಿರ ನಮ್ಮ ವಿಳಾಸ ಇತ್ತು.

ಇಲ್ಲಿ ಒಂದು ತಾಂತ್ರಿಕ ವಿಷಯ ತಿಳ್ಕೊಳ್ಳಿ, ಉಪಯೋಗಕ್ಕೆ ಬರುತ್ತೆ. ನಮ್ಮ ಸರ್ವರ್ ಸತ್ತಿದ್ದಾಗ ಬಂದ ಮೇಲ್ ಕೂಡಲೇ ಹಾಳಾಗಲ್ಲ. ಕಳಿಸಿದವರ ಸರ್ವರ್ ಅದನ್ನ ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟುತ್ತೆ. ಸಾಮಾನ್ಯವಾಗಿ ನಾಲ್ಕೈದು ದಿನ. ಆಮೇಲೆ ತಲುಪಲಿಲ್ಲ ಅಂತ ಕಳಿಸಿದವರಿಗೆ ವಾಪಸ್ ಮಾಡುತ್ತೆ. ಅಂದರೆ ಮೇಲ್ ನಿಂತ ಮೇಲೆ ನಿಮಗೆ ನಾಲ್ಕು ದಿನ ಗಡುವು ಇದೆ. ಅಷ್ಟರಲ್ಲಿ ಬೇರೆ ಸರ್ವರ್‌ಗೆ ದಾರಿ ತಿರುಗಿಸಿದ್ರೆ ಹೆಚ್ಚುಕಡಿಮೆ ಎಲ್ಲಾ ಮೇಲೂ ಬಂದು ಸೇರುತ್ತೆ. ನಮಗೆ ಗೊತ್ತಾಗಿದ್ದೇ ಹನ್ನೆರಡನೇ ದಿನ.

ಬೆಂಗಳೂರಿನ ಅಂಗಡಿಯವರು ಡಿಸೆಂಬರ್ 24ಕ್ಕೆ 20 ಕ್ವಿಂಟಾಲ್‌ಗೆ ಆರ್ಡರ್ ಕಳಿಸಿದ್ರು. 29ಕ್ಕೆ ಅವರಿಗೆ ವಾಪಸ್ ಹೋಗಿದೆ. ಗುಂಪು ಮುಚ್ಚಿದ್ದಾರೆ ಅಂದ್ಕೊಂಡು ಬೇರೆ ಕಡೆ ತಗೊಂಡ್ರು. ಅವರದ್ದೇನೂ ತಪ್ಪಿಲ್ಲ. ಕೆಜಿಗೆ 70ಕ್ಕೆ ಹೋಗಬೇಕಾದ ಬೆಲ್ಲ ಮಂಡಿಯಲ್ಲಿ 42ಕ್ಕೆ ಹೋಯ್ತು. ಲೆಕ್ಕ ಹಾಕಿ, 56,000 ರೂಪಾಯಿ. ಮನೆಗೆ ಐದು ಸಾವಿರ. ಇಟ್ಟುಕೊಂಡು ಕಾಯೋಣ ಅಂದ್ರೆ ಮಳೆಗಾಲದ ತೇವಕ್ಕೆ ಈ ಬೆಲ್ಲ ನೀರು ಬಿಡುತ್ತೆ. ಗುಂಪಿನ ಒಬ್ಬ ಅಕ್ಕ, ಮಗಳ ಕಾಲೇಜು ಫೀಸಿಗೆ ಆ ದುಡ್ಡನ್ನ ನೆಚ್ಚಿಕೊಂಡಿದ್ದವರು, ಸಭೆಯಲ್ಲಿ ನನ್ನ ಮುಖ ನೋಡಿ ಕೇಳಿದ್ರು, "ಅಣ್ಣ, ಜಮೀನಾಗಿದ್ರೆ ಆ ಹುಡುಗನ ಹೆಸರಿಗೆ ಬರೆಸ್ತಿದ್ದೇನಣ್ಣ?"

ಉತ್ತರ ಇರಲಿಲ್ಲ ನನ್ನ ಹತ್ತಿರ. ಅವತ್ತಿಂದ ಇದನ್ನ ಕಲಿತೆ. ನಾನು ಓದಿರೋದು ಎಸ್‌ಎಸ್‌ಎಲ್‌ಸಿ. ನನಗೆ ಅರ್ಥವಾಗಿದ್ದು ನಿಮಗೂ ಆಗುತ್ತೆ.

ಇದರಲ್ಲಿ ಮೂರು ಬೇರೆ ಬೇರೆ ವಸ್ತು ಇವೆ. ಮೂರನ್ನೂ ಸೇರಿಸಿ "ಇಮೇಲ್" ಅಂತ ಒಂದೇ ಪೊಟ್ಟಣ ಕಟ್ಟಿ ಮಾರ್ತಾರೆ, ನಾವು ಮೋಸ ಹೋಗೋದು ಅಲ್ಲಿ. ಮೊದಲನೇದು ಡೊಮೈನ್, ಅಂದ್ರೆ @ ಗುರುತಿನ ಆಚೆಗಿರೋ ಹೆಸರು. ಇದು ಪಹಣಿ ಇದ್ದ ಹಾಗೆ. ಎರಡನೇದು ಹೋಸ್ಟಿಂಗ್. ಇದು ಬಾಡಿಗೆ ಗೋಡೌನು, ಮಾಲು ಬಂದು ಬೀಳೋ ಜಾಗ. ಮೂರನೇದು ಎಂಎಕ್ಸ್ ದಾಖಲೆ. ಇದು ಕೂಡುರಸ್ತೆಯಲ್ಲಿ ನೆಟ್ಟ ಬೋರ್ಡು. ಈ ಹೆಸರಿಗೆ ಬಂದ ಮಾಲನ್ನ ಇಂಥ ಗೋಡೌನಿಗೆ ಇಳಿಸಿ ಅಂತ ಹೇಳುತ್ತೆ. ಗೋಡೌನು ಕುಸಿದ್ರೆ ಬೋರ್ಡು ಬದಲಾಯಿಸಿ ಇನ್ನೊಂದಕ್ಕೆ ಕಳಿಸಬಹುದು, ಕೆಲವು ಗಂಟೆಯ ಕೆಲಸ. ಆದರೆ ಬೋರ್ಡು ಮುಟ್ಟೋ ಹಕ್ಕು ಇರೋದು ಪಹಣಿದಾರನಿಗೆ ಮಾತ್ರ.

ಆ ಹುಡುಗನ ತಾಯಿ ಮೂಲಕ ಅವನನ್ನ ಹಿಡಿದ್ವಿ. ಪಾಪ, ಅವನೂ ಗಾಬರಿಯಾದ. ಪಾಸ್‌ವರ್ಡ್ ಮರೆತಿದ್ದ. ಹೊಸ ಪಾಸ್‌ವರ್ಡ್ ತಗೊಳ್ಳೋಣ ಅಂದ್ರೆ ಅದು ಹೋಗೋದು ಎಲ್ಲಿಗೆ? ನಮ್ಮ ಸತ್ತ ಇಮೇಲಿಗೇ! ಡೊಮೈನ್ ಖಾತೆಗೆ ಅದೇ ಡೊಮೈನಿನ ವಿಳಾಸ ಕೊಟ್ಟಿದ್ದ. ಬೀರುವಿನ ಕೀಲಿ ಬೀರುವಿನ ಒಳಗೇ ಇಟ್ಟು ಬೀಗ ಹಾಕಿದ ಹಾಗೆ. ಗುರುತಿನ ಚೀಟಿ ಕಳಿಸಿ, ಕಾದು, ಜನವರಿ 9ಕ್ಕೆ ಬಿಡಿಸಿಕೊಂಡ್ವಿ. ಹಬ್ಬದ ವ್ಯಾಪಾರ ಅಷ್ಟರಲ್ಲಿ ಮುಗಿದಿತ್ತು.

"ಹಾಗಾದ್ರೆ ಬಿಟ್ಟಿ ಜಿಮೇಲ್ ಇದೆಯಲ್ಲಾ" ಅಂತೀರಿ. ಒಬ್ಬರೇ ಸ್ವಲ್ಪ ಮಾರೋರಿಗೆ ಅದು ಸಾಕು, ನಾನು ಬೇಡ ಅನ್ನಲ್ಲ. ನಮ್ಮ ಸರ್ವರ್‌ಗಿಂತ ಅದು ಗಟ್ಟಿ. ಆದರೂ 2020ರ ಡಿಸೆಂಬರ್ 14ರಂದು ಗೂಗಲ್ಲೇ ಮುಕ್ಕಾಲು ಗಂಟೆ ನಿಂತಿತ್ತು. ಅದು ಬಿಡಿ, ಚಿಕ್ಕದು. ನನ್ನ ತಕರಾರು ಬೇರೆ. ಬಿಟ್ಟಿ ಖಾತೆಗೆ 15 ಜಿಬಿ ಜಾಗ, ಅದರಲ್ಲೇ ನಿಮ್ಮ ಫೋಟೋಗಳೂ ಸೇರಿ. ತುಂಬಿದ್ರೆ ಹೊಸ ಮೇಲ್ ಬರಲ್ಲ. ಎರಡು ವರ್ಷ ಮುಟ್ಟದಿದ್ರೆ ಖಾತೆಯನ್ನೇ ಅಳಿಸಬಹುದು. ಎಲ್ಲಕ್ಕಿಂತ ಮುಖ್ಯ, ಗುಂಪಿನ ಖಾತೆ ಕಾರ್ಯದರ್ಶಿಯ ಫೋನ್ ನಂಬರಿಗೆ ಅಂಟಿಕೊಂಡಿರುತ್ತೆ. ಅವರು ಜಗಳ ಆಡಿ ಹೋದ್ರೆ, ದೇವರು ಒಳ್ಳೇದು ಮಾಡಲಿ, ತೀರಿಕೊಂಡ್ರೆ, 11 ಮನೆಯ ವ್ಯಾಪಾರ ಅವರ ಜೊತೆ ಹೋಗುತ್ತೆ. ಆ ಹೆಸರನ್ನ ಬೇರೆ ಕಡೆ ಎತ್ತಿಕೊಂಡು ಹೋಗೋಕೂ ಆಗಲ್ಲ.

"ದೊಡ್ಡ ಕಂಪನಿಗೆ ದುಡ್ಡು ಕೊಟ್ರೆ ಏನೂ ಆಗಲ್ಲ" ಅನ್ನೋರೂ ಇದ್ದಾರೆ. ಅಮೆರಿಕದ ರ‍್ಯಾಕ್‌ಸ್ಪೇಸ್ ಸಣ್ಣ ಕಂಪನಿ ಅಲ್ಲ. 2022ರ ಡಿಸೆಂಬರ್‌ನಲ್ಲಿ ರ‍್ಯಾನ್‌ಸಮ್‌ವೇರ್ ದಾಳಿಗೆ ಸಿಕ್ಕಿ ಅವರ ಒಂದು ಇಮೇಲ್ ಸೇವೆ ಪೂರ್ತಿ ಮುಚ್ಚಿತು. ಸಾವಿರಾರು ಸಣ್ಣ ವ್ಯಾಪಾರಿಗಳು ಬೇರೆ ಕಡೆ ಗುಳೆ ಹೋದ್ರು. ಹೆಸರು ಸ್ವಂತದ್ದಾಗಿದ್ದವರು ಅದೇ ವಿಳಾಸದಲ್ಲಿ ಇನ್ನೊಂದು ಕಡೆ ಮೇಲ್ ಶುರು ಮಾಡಿಕೊಂಡ್ರು. ಎಂಥ ಗೋಡೌನೂ ಒಂದು ದಿನ ಸೋರುತ್ತೆ. ಸೋರಿದ ದಿನ ನೀವು ಏನು ಮಾಡ್ತೀರಿ ಅನ್ನೋದೇ ಪ್ರಶ್ನೆ.

ಹೋಸ್ಟಿಂಗ್ ಮಾರೋಕೆ ಬರೋರ ದೊಡ್ಡ ಮಂತ್ರ 99.9. ಕೇಳೋಕೆ ಚೆಂದ. ವರ್ಷಕ್ಕೆ 8,760 ಗಂಟೆ. 99.9 ಅಂದ್ರೆ ವರ್ಷಕ್ಕೆ ಸುಮಾರು 8 ಮುಕ್ಕಾಲು ಗಂಟೆ ನಿಲ್ಲಬಹುದು. ಬರೀ 99 ಅಂದ್ರೆ ಮೂರೂವರೆ ದಿನಕ್ಕಿಂತ ಜಾಸ್ತಿ. ಆ ಮಾತು ತಪ್ಪಿದ್ರೆ ಸಾಮಾನ್ಯವಾಗಿ ಏನು ಕೊಡ್ತಾರೆ? ನಿಂತ ದಿನಗಳ ಬಾಡಿಗೆ ವಾಪಸ್. ನಮ್ಮ ಲೆಕ್ಕದಲ್ಲಿ 12 ದಿನಕ್ಕೆ 40 ರೂಪಾಯಿ ಆಗ್ತಿತ್ತು. 56,000ದ ಬೆಲ್ಲಕ್ಕೆ 40 ರೂಪಾಯಿ. ಅದಕ್ಕೇ ಹೇಳೋದು, ಆ ಅಂಕಿ ನೋಡಿ ಮರುಳಾಗಬೇಡಿ, ಬೇರೆ ಪ್ರಶ್ನೆ ಕೇಳಿ.

ನಾವು ಹೊಸ ಜಾಗ ಹುಡುಕುವಾಗ ಕೇಳಿದ್ದು ಇವು.

1. ಡೊಮೈನ್ ನಮ್ಮ ಗುಂಪಿನ ಹೆಸರಲ್ಲಿ, ನಮ್ಮದೇ ಖಾತೆಯಲ್ಲಿ ಇರುತ್ತಾ? "ಅದೆಲ್ಲಾ ನಾವೇ ನೋಡ್ಕೋತೀವಿ ಸರ್" ಅಂದವರನ್ನ ಅಲ್ಲೇ ಬಿಟ್ವಿ. ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ತಗೊಂಡ್ವಿ. ಪಹಣಿಯನ್ನ ಗೋಡೌನಿನವನ ಕೈಗೆ ಕೊಡಬಾರದು.

2. ಮೇಲೂ ವೆಬ್‌ಸೈಟೂ ಒಂದೇ ಯಂತ್ರದಲ್ಲಾ? ಹಾಗಿದ್ರೆ ಒಂದು ಹಾಳಾದ್ರೆ ಎರಡೂ ಹೋಗುತ್ತೆ. ಬೇರೆ ಮಾಡಿಸಿದ್ವಿ.

3. ಅಕ್ಕಪಕ್ಕ ಯಾರಿದ್ದಾರೆ? ಅಗ್ಗದ ಜಾಗದಲ್ಲಿ ಒಂದೇ ಯಂತ್ರದಲ್ಲಿ ನೂರಾರು ಜನ. ಒಬ್ಬ ಕಸದ ಮೇಲ್ ಕಳಿಸಿದ್ರೆ ಆ ಯಂತ್ರದ ನಂಬರೇ ಕಪ್ಪುಪಟ್ಟಿಗೆ ಬೀಳುತ್ತೆ, ನಿಮ್ಮ ಮೇಲೂ ಸ್ಪ್ಯಾಮಿಗೆ ಹೋಗುತ್ತೆ.

4. ಎಸ್‌ಪಿಎಫ್, ಡಿಕಿಮ್ ಹಾಕಿಕೊಡ್ತೀರಾ? ಮೊದಲನೇದು ನಮ್ಮ ಮೇಲ್ ಯಾವ ಯಂತ್ರದಿಂದ ಬರುತ್ತೆ ಅನ್ನೋ ಪಟ್ಟಿ, ಎರಡನೇದು ಮೇಲಿನ ಮೇಲೆ ಒತ್ತೋ ಸೀಲು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇದರಲ್ಲಿ ಬಿಗಿ ಮಾಡಿವೆ. ಹೋಸ್ಟ್ ಬದಲಾಯಿಸಿದಾಗ ಇವನ್ನೂ ಬದಲಾಯಿಸೋಕೆ ಮರೀಬೇಡಿ.

5. ಬ್ಯಾಕಪ್ ಎಲ್ಲಿದೆ? ಅದೇ ಯಂತ್ರದಲ್ಲಿದ್ರೆ ಅದು ಬ್ಯಾಕಪ್ ಅಲ್ಲ. ನಾವು ಬಿತ್ತನೆ ಬೀಜ ಒಂದೇ ಮನೆಯಲ್ಲಿ ಇಡ್ತೀವಾ?

6. ಕರೆ ಮಾಡಿದ್ರೆ ಮನುಷ್ಯ ಎತ್ತುತ್ತಾನಾ? ದುಡ್ಡು ಕಟ್ಟೋ ಮುಂಚೆ ಒಂದು ಭಾನುವಾರ ಸಂಜೆ ಫೋನ್ ಮಾಡಿ ನೋಡಿ. ನಾಲ್ಕು ಕಡೆ ಮಾಡಿದ್ವಿ, ಎತ್ತಿದವರು ಇಬ್ಬರು.

ಈಗ ನಮ್ಮ ಕಡೆ ಮಾಡಿಕೊಂಡಿದ್ದೂ ಹೇಳ್ತೀನಿ. ಡೊಮೈನ್ ಖಾತೆಗೆ ಬೇರೆ ಕಡೆಯ ಇಮೇಲ್ ಕೊಟ್ಟಿದ್ದೀವಿ. ಪಾಸ್‌ವರ್ಡ್ ಇಬ್ಬರ ಮನೆಯಲ್ಲಿ ಲಕೋಟೆಯಲ್ಲಿದೆ. ಹೆಸರು ನವೀಕರಿಸೋ ತಾರೀಖು ಗಾಣದ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ. ಥಂಡರ್‌ಬರ್ಡ್ ಅನ್ನೋ ಬಿಟ್ಟಿ ತಂತ್ರಾಂಶದಲ್ಲಿ ಮೇಲ್‌ಗಳ ಪ್ರತಿ ನಮ್ಮದೇ ಕಂಪ್ಯೂಟರಿಗೆ ಇಳಿಸ್ತೀವಿ. ಒಂದು ಎಚ್ಚರ, ಸರ್ವರಿನಲ್ಲಿ ಅಳಿಸಿಹೋದ್ರೆ ಇಲ್ಲೂ ಅಳಿಸಿಹೋಗಬಹುದು, ಅದಕ್ಕೆ ಕಂಪ್ಯೂಟರಿನ ಸ್ಥಳೀಯ ಫೋಲ್ಡರಿಗೆ ಬೇರೆಯಾಗಿ ನಕಲು ಮಾಡಿ ಇಡ್ತೀವಿ. ಖರೀದಿದಾರರ ಫೋನ್ ನಂಬರು ಪುಸ್ತಕದಲ್ಲಿದೆ. ದಿನಾ ಬೆಳಿಗ್ಗೆ ಗುಂಪಿನ ಒಬ್ಬರು ಬೇರೆ ಖಾತೆಯಿಂದ ನಮ್ಮ ವಿಳಾಸಕ್ಕೆ "ಬಂತಾ" ಅಂತ ಒಂದು ಮೇಲ್ ಹಾಕ್ತಾರೆ. ಬರಲಿಲ್ಲ ಅಂದ್ರೆ ಅವತ್ತೇ ಎಲ್ಲಾ ಅಂಗಡಿಗೂ ಫೋನ್. ನಾಲ್ಕು ದಿನದ ಗಡುವು ಮೀರಲ್ಲ. ಇದಕ್ಕೆ ಈಗ ವರ್ಷಕ್ಕೆ 3,600 ಆಗುತ್ತೆ. ಜಾಸ್ತಿ ಅಂತ ಗೊಣಗಿದವರಿಗೆ ಮಂಡಿಯ ಪಟ್ಟಿ ತೋರಿಸ್ತೀನಿ.

ವೇದಿಕೆ ಮೇಲಿಂದ "ರೈತರಿಗೆ ಯಾಕೆ" ಅನ್ನೋರಿಗೆ ನನ್ನದೊಂದೇ ಮಾತು. ಈ ಯಾಕೆ ಅನ್ನೋದು ನಮಗೆ ಹಳೇದು. ತಕ್ಕಡಿ ನೋಡೋದು ಯಾಕೆ, ಪಟ್ಟಿ ಓದೋದು ಯಾಕೆ, ನಾವಿಲ್ವಾ ಅಂದವರ ಕೈಲೇ ನಮ್ಮ ಅಪ್ಪಂದಿರು ತೂಕದಲ್ಲಿ ಮೋಸ ಹೋದ್ರು. ಈಗ ತಕ್ಕಡಿ ಬದಲಾಗಿದೆ. ನಮಗೆ ತಿಳಿಯಲ್ಲ ಅನ್ನೋ ಮಾತು ಹೊರಗಿನವರು ಹೇಳಿದ್ರೆ ಸಿಟ್ಟು ಬರುತ್ತೆ, ನಾವೇ ಹೇಳಿಕೊಂಡಾಗ ಯಾಕೆ ಬರಲ್ಲ? ನಾನು ಹೇಳಿಕೊಂಡೆ, 11 ಮನೆ ದಂಡ ಕಟ್ಟಿತು.

ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮ ಸಂಘದ, ಗುಂಪಿನ, ಡೇರಿಯ ಇಮೇಲ್ ಯಾರ ಹೆಸರಲ್ಲಿದೆ ಅಂತ ಒಂದು ಸಲ ಕೇಳಿ. "ಆ ಹುಡುಗನಿಗೆ ಗೊತ್ತು" ಅಂತ ಉತ್ತರ ಬಂದ್ರೆ, ನಾಳೆ ಬೆಳಿಗ್ಗೆನೇ ಆ ಹುಡುಗನ್ನ ಹುಡುಕಿಕೊಂಡು ಹೊರಡಿ. ಅವನು ಇನ್ನೂ ಊರಲ್ಲಿದ್ದಾನೆ ಅಂದ್ರೆ ನಿಮ್ಮ ಅದೃಷ್ಟ.

ನನ್ನ ಸರದಿಯ ನೀರು ಮುಗೀತಾ ಬಂತು, ಮಡೆ ಕಟ್ಟೋಕೆ ಹೋಗಬೇಕು. ಕೂಳೆ ಕಬ್ಬಿನ ವಿಷಯ ಮುಂದಿನ ವಾರ ಬರೀತೀನಿ.